ಫಿಗ್ಮಾ ಡೆವ್ ಮೋಡ್: ರೆಮ್ ಲೆಕ್ಕ ಸರಿ, ಲೈನ್ ಹೈಟ್ ಮಾತ್ರ ಕೈಯಿಂದಲೇ ತಿದ್ದಬೇಕು

ತುಮಕೂರಿನಲ್ಲಿ ಡಿಟಿಪಿಯಿಂದ ವೆಬ್ ಡಿಸೈನ್‌ಗೆ ಬಂದವರು ಅಕ್ಷರದ ಗಾತ್ರವನ್ನು ಪಾಯಿಂಟ್‌ನಲ್ಲಿ ಹೇಳುತ್ತಾರೆ. ಡಿಸೈನ್ ಮಾಡುವ ತಂತ್ರಾಂಶ ಫಿಗ್ಮಾ ಪಿಕ್ಸೆಲ್‌ನಲ್ಲಿ ಅಳೆಯುತ್ತದೆ, ಕೋಡ್ ಬರೆಯುವವರಿಗೆ ರೆಮ್ (ಪುಟದ ಮೂಲ ಅಕ್ಷರ ಗಾತ್ರವನ್ನು 1 ಎಂದಿಟ್ಟುಕೊಂಡ ಅಳತೆ) ಬೇಕು. 12 ಪಾಯಿಂಟ್ ಎಂದರೆ ವೆಬ್ ಪುಟದ ರೂಪ ಹೇಳುವ ಕೋಡ್ ಆದ ಸಿಎಸ್ಎಸ್‌ನಲ್ಲಿ 16 ಪಿಕ್ಸೆಲ್, ಬ್ರೌಸರ್‌ನ ಡೀಫಾಲ್ಟ್ ಬದಲಿಸದಿದ್ದರೆ ಅದೇ 1 ರೆಮ್. ಈ ಲೆಕ್ಕವನ್ನು ಡೆವ್ ಮೋಡ್ (ಡಿಸೈನ್ ಅನ್ನು ಕೋಡ್ ಆಗಿ ತೋರಿಸುವ ಫಿಗ್ಮಾದ ಭಾಗ) ಚೆನ್ನಾಗಿಯೇ ಮಾಡಿಕೊಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಯೂನಿಟ್ ರೆಮ್ ಎಂದು ಆರಿಸಿ, ಸ್ಕೇಲ್ (1 ರೆಮ್ ಎಂದರೆ ಎಷ್ಟು ಪಿಕ್ಸೆಲ್) 16 ಇದೆಯೇ ನೋಡಿಕೊಂಡರೆ ಸಾಕು.

ಆದರೆ ಪ್ರಾಜೆಕ್ಟ್‌ನ ಸಿಎಸ್ಎಸ್‌ನಲ್ಲಿ ರೂಟ್ ಫಾಂಟ್ ಸೈಜ್ (ಪುಟದ ಮೂಲ ಅಕ್ಷರ ಗಾತ್ರ) 62.5% ಎಂದಿದ್ದರೆ ಅಲ್ಲಿ 1 ರೆಮ್ ಎಂದರೆ 10 ಪಿಕ್ಸೆಲ್. ಫಿಗ್ಮಾದಲ್ಲಿ 24 ಪಿಕ್ಸೆಲ್ ಇದ್ದದ್ದು 1.5 ರೆಮ್ ಆಗಿ ಬಂದು, ಪುಟದಲ್ಲಿ 15 ಪಿಕ್ಸೆಲ್‌ಗೆ ಕುಗ್ಗುತ್ತದೆ. ಸ್ಕೇಲ್ ಅನ್ನು 10ಕ್ಕೆ ಇಳಿಸಬಹುದು; 62.5% ತೆಗೆದುಬಿಡುವುದು ಇನ್ನೂ ಒಳ್ಳೆಯದು, ಹೊರಗಿನಿಂದ ತಂದ ಕಾಂಪೊನೆಂಟ್‌ಗಳು ಸಾಮಾನ್ಯವಾಗಿ 16ನ್ನೇ ನಂಬಿರುತ್ತವೆ.

ನಿಜವಾದ ತೊಂದರೆ ಲೈನ್ ಹೈಟ್‌ನಲ್ಲಿ, ಅಂದರೆ ಸಾಲಿನ ಎತ್ತರದಲ್ಲಿ. ಡಿಸೈನರ್ 150% ಕೊಟ್ಟರೆ ಡೆವ್ ಮೋಡ್ ಕೂಡ 150% ಎಂದೇ ಕೋಡ್ ಕೊಡುತ್ತದೆ. ಅದನ್ನು 16 ಪಿಕ್ಸೆಲ್‌ನ 'ಬಾಡಿ' ಅಂಶಕ್ಕೆ (ಇಡೀ ಪುಟವನ್ನು ಒಳಗೊಂಡ ಅಂಶ) ಹಾಕಿದರೆ ಒಳಗಿನ ಅಂಶಗಳಿಗೆ ಇಳಿದು ಬರುವುದು ಶೇಕಡಾವಾರು ಅಲ್ಲ, ಲೆಕ್ಕ ಹಾಕಿ ಮುಗಿದ 24 ಪಿಕ್ಸೆಲ್. 32 ಪಿಕ್ಸೆಲ್‌ನ ಶೀರ್ಷಿಕೆಗೂ ಅದೇ 24! 'ತಿಪಟೂರು ಕೃಷಿ ಉತ್ಪನ್ನ ಮಾರುಕಟ್ಟೆಯ ಕೊಬ್ಬರಿ ಧಾರಣೆ' ಎಂಬ ಸಾಲು ಮೊಬೈಲ್‌ನಲ್ಲಿ ಎರಡಾಗಿ ಮುರಿದಾಗ 'ಉತ್ಪನ್ನ'ದ ಒತ್ತುಗಳು ಕೆಳಸಾಲಿನ ಅಕ್ಷರಗಳ ತಲೆಯ ಮೇಲೇ ಕೂರುತ್ತವೆ. ಇಂಗ್ಲಿಷ್ ಶೀರ್ಷಿಕೆಯಲ್ಲೂ ಸಾಲುಗಳು ಒತ್ತಿಕೊಳ್ಳುತ್ತವೆ, ಆದರೆ ಕನ್ನಡದಲ್ಲಿ ಓದಲೇ ಆಗುವುದಿಲ್ಲ. ಆದ್ದರಿಂದ ಕೋಡ್‌ನಲ್ಲಿ ಯೂನಿಟ್ ಇಲ್ಲದೆ 1.5 ಎಂದೇ ಬರೆಯಬೇಕು. ಆಗ ಪ್ರತಿ ಅಂಶವೂ ತನ್ನ ಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳುತ್ತದೆ. ಕನ್ನಡದ ಬಾಡಿ ಪಠ್ಯಕ್ಕೆ 1.6ರಿಂದ 1.7 ಇಟ್ಟರೆ ಕಣ್ಣಿಗೆ ಹಿತ. ಲೈನ್ ಹೈಟ್ ಅನ್ನು 'ಆಟೊ'ದಲ್ಲಿ ಬಿಡಲೇಬೇಡಿ: ಕೋಡ್‌ನಲ್ಲಿ ಅದು 'ನಾರ್ಮಲ್' ಆಗುತ್ತದೆ, ಅಂದರೆ ಎತ್ತರವನ್ನು ಫಾಂಟೇ ನಿರ್ಧರಿಸುತ್ತದೆ; ನೋಟೊ ಸಾನ್ಸ್ ಕನ್ನಡ ಲೋಡ್ ಆಗದೆ ಬೇರೆ ಫಾಂಟ್ ಬಂದರೆ ಸಾಲಿನ ಎತ್ತರವೇ ಬದಲಾಗುತ್ತದೆ.

ಲೆಟರ್ ಸ್ಪೇಸಿಂಗ್‌ನದ್ದೂ (ಅಕ್ಷರಗಳ ನಡುವಿನ ಅಂತರ) ಇದೇ ಕಥೆ. ಫಿಗ್ಮಾದ 2% ಸಿಎಸ್ಎಸ್‌ನಲ್ಲಿ 0.02 ಎಮ್ (ಆಯಾ ಅಕ್ಷರದ ಗಾತ್ರವನ್ನು 1 ಎಂದಿಟ್ಟುಕೊಂಡ ಅಳತೆ) ಆಗಬೇಕು; ಡೆವ್ ಮೋಡ್ 16 ಪಿಕ್ಸೆಲ್ ಅಕ್ಷರಕ್ಕೆ 0.32 ಪಿಕ್ಸೆಲ್ ಎಂದು ಕೊಡುತ್ತದೆ. ಗಾತ್ರ ಬದಲಾದರೂ ಅಂತರ ಹಾಗೇ ನಿಲ್ಲುತ್ತದೆ. ಕನ್ನಡಕ್ಕೆ ಸೊನ್ನೆಯೇ ಇರಲಿ.

ಡೆವ್ ಮೋಡ್ ಉಚಿತ ಪ್ಲಾನ್‌ನಲ್ಲಿ ಸಿಗುವುದಿಲ್ಲ. ಇಬ್ಬರು ಮೂವರ ತಂಡಕ್ಕೆ ಪೆನ್‌ಪಾಟ್ ಎಂಬ ಡಿಸೈನ್ ತಂತ್ರಾಂಶ ಒಮ್ಮೆ ನೋಡಲೇಬೇಕಾದದ್ದು: ಓಪನ್ ಸೋರ್ಸ್, ಸಿಎಸ್ಎಸ್ ನೋಡಲು ಹಣ ಕೊಡಬೇಕಿಲ್ಲ, ಲೈನ್ ಹೈಟ್ ಮೊದಲಿನಿಂದಲೇ 1.5ರಂತೆ ಯೂನಿಟ್ ಇಲ್ಲದ ಸಂಖ್ಯೆ. ಫಿಗ್ಮಾಕ್ಕೆ ಈಗಾಗಲೇ ಹಣ ಕಟ್ಟಿರುವವರು ಬದಲಿಸಬೇಕಿಲ್ಲ. ಪ್ರತಿ ಟೆಕ್ಸ್ಟ್ ಸ್ಟೈಲ್‌ನ ವಿವರಣೆಯಲ್ಲಿ ರೆಮ್ ಗಾತ್ರ, ಯೂನಿಟ್ ಇಲ್ಲದ ಲೈನ್ ಹೈಟ್ ಎರಡನ್ನೂ ಡಿಸೈನರ್ ಬರೆದಿಟ್ಟರೆ, ಡೆವಲಪರ್ ಅದನ್ನೇ ನಕಲು ಮಾಡಿಕೊಳ್ಳಬಹುದು.