ವಿಮಾನ ನಿಲ್ದಾಣಕ್ಕೆ ಯಾವ ಆಸನ: ಉಕ್ಕು, ರೆಕ್ಸಿನ್, ಪಾಲಿಯುರೆಥೇನ್

ಕರಾವಳಿಯ ಒಂದು ವಿಮಾನ ನಿಲ್ದಾಣದ ನಿರ್ವಹಣಾ ವಿಭಾಗದಲ್ಲಿರುವ ನಾನು, ಸವೆದುಹೋದ ಕುರ್ಚಿಗಳನ್ನು ಬದಲಿಸುವ ಮುನ್ನ ಮೂರು ಬಗೆಯ ಆಸನಗಳ ಮಾದರಿ ಸಾಲುಗಳನ್ನು ತರಿಸಿ, ಅತಿ ಹೆಚ್ಚು ಜನ ಸೇರುವ ಬೋರ್ಡಿಂಗ್ ಗೇಟಿನ ಎದುರು ಅಕ್ಕಪಕ್ಕ ಹಾಕಿಸಿದೆ. ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೆ ಪ್ರಯಾಣಿಕರು ಅವನ್ನು ಬಳಸಿದರು. ಪಾಳಿ ಮುಗಿದ ಮೇಲೆ ನಾನೂ ಒಂದೊಂದರಲ್ಲಿ ಬಹಳ ಹೊತ್ತು ಕುಳಿತು ನೋಡಿದೆ. ಮೂರೂ ಸಾಲುಗಳ ಕಟ್ಟು ಒಂದೇ ತೆರನಾದದ್ದು: ಎರಡು ಕಾಲುಗಳ ಮೇಲೆ ಒಂದು ಅಡ್ಡ ತೊಲೆ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಆಸನಗಳು. ಹಾಗಾಗಿ ಕಂಡುಬಂದ ವ್ಯತ್ಯಾಸಗಳು ಬಹುಮಟ್ಟಿಗೆ ಕೂರುವ ಭಾಗಕ್ಕೆ ಸಂಬಂಧಿಸಿದವು.

ಮೊದಲನೆಯದು ರಂಧ್ರಗಳಿರುವ ಉಕ್ಕಿನ ಆಸನ. ರೈಲು ನಿಲ್ದಾಣ, ಆಸ್ಪತ್ರೆಗಳಲ್ಲಿ ಎಲ್ಲರೂ ಕಂಡಿರುವಂಥದ್ದು. ಕಾಫಿ ಚೆಲ್ಲಿದರೆ ರಂಧ್ರಗಳ ಮೂಲಕ ನೆಲಕ್ಕಿಳಿಯುತ್ತದೆ, ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಸಾಕು, ಬ್ಲೇಡಿನಿಂದ ಗೀರಿದರೂ ಹರಿಯುವುದಿಲ್ಲ. ಆದರೆ ಹವಾನಿಯಂತ್ರಣವಿರುವ ಒಳಾಂಗಣದಲ್ಲಿ ಉಕ್ಕು ಮೈಯ ಬಿಸಿಯನ್ನು ಬೇಗನೆ ಎಳೆದುಕೊಳ್ಳುವುದರಿಂದ, ತೆಳುವಾದ ಪಂಚೆ ಉಟ್ಟ ಹಿರಿಯರಿಗೂ ಮಕ್ಕಳಿಗೂ ಕೂತ ಕೂಡಲೇ ಚಳಿ ತಟ್ಟುತ್ತದೆ. ರೇಷ್ಮೆ ಸೀರೆ ಉಟ್ಟವರು ನಯವಾದ ಮೇಲ್ಮೈಯಲ್ಲಿ ಮುಂದಕ್ಕೆ ಜಾರಿ, ಮತ್ತೆ ಮತ್ತೆ ಸರಿಪಡಿಸಿಕೊಂಡು ಕೂರುವುದನ್ನು ನಾನು ಗಮನಿಸಿದ್ದೇನೆ. ಅರ್ಧ ಗಂಟೆ ದಾಟಿದ ಮೇಲೆ ಇಲ್ಲಿ ನೆಮ್ಮದಿಯಾಗಿ ಕುಳಿತವರು ಕಡಿಮೆ.

ಉಕ್ಕಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರಿಕೆ ಅಗತ್ಯ. ಸ್ಟೇನ್‌ಲೆಸ್ ಎಂದು ಬಂದ ಮಾದರಿಯ ಕಾಲುಗಳಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಕಂದು ಚುಕ್ಕೆಗಳು ಎದ್ದವು. ವಿಚಾರಿಸಿದಾಗ ಅದು 202 ದರ್ಜೆಯದೆಂದು ತಿಳಿಯಿತು. ಸುಮಾರು ಶೇ. 18 ಕ್ರೋಮಿಯಂ ಮತ್ತು ಶೇ. 8 ನಿಕಲ್ ಇರುವ 304 ದರ್ಜೆಗೆ ಹೋಲಿಸಿದರೆ ಇದರಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು, ತುಕ್ಕು ತಡೆಯುವ ಶಕ್ತಿಯೂ ಕಡಿಮೆ. ಉಪ್ಪುಗಾಳಿ ನೇರವಾಗಿ ತಾಗುವ ಹೊರಗಿನ ಜಾಗಗಳಿಗೆ ಮಾಲಿಬ್ಡಿನಂ ಬೆರೆತ 316 ಇನ್ನೂ ಒಳ್ಳೆಯದು. ಈ ದರ್ಜೆಗಳನ್ನು ಕಣ್ಣಿನಿಂದ ಗುರುತಿಸಲಾಗದು; ಅಂಗಡಿಗಳಲ್ಲಿ ಮಾಡುವ ಆಯಸ್ಕಾಂತದ ಪರೀಕ್ಷೆಯೂ 202 ಮತ್ತು 304ರ ನಡುವೆ ಭೇದ ತೋರಿಸದು. ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವನ್ನು ಪಡೆಯದೆ ಹಣ ಪಾವತಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದು ಫೋಮಿನ ಮೇಲೆ ರೆಕ್ಸಿನ್ ಹೊದಿಸಿದ ಮೆತ್ತೆಯ ಆಸನ. ಮೊದಲ ದಿನಗಳಲ್ಲಿ ಎಲ್ಲರೂ ಹುಡುಕಿಕೊಂಡು ಬಂದು ಕುಳಿತದ್ದು ಇದರಲ್ಲೇ, ಕೂತ ಕೂಡಲೇ ಸಿಗುವ ಸುಖದಲ್ಲಿ ಇದಕ್ಕೆ ಸರಿಸಾಟಿ ಬೇರೊಂದಿಲ್ಲ. ದುರ್ಬಲ ಜಾಗವೆಂದರೆ ಹೊಲಿಗೆ: ಬಿಸ್ಕತ್ತಿನ ಪುಡಿ, ಧೂಳು, ಚೆಲ್ಲಿದ ಚಹಾ ಎಲ್ಲವೂ ಅಲ್ಲಿ ಸೇರಿಕೊಂಡು, ಒಳಗಿನ ಫೋಮಿಗೆ ತೇವ ಇಳಿದು, ಮಳೆಗಾಲದಲ್ಲಿ ವಾಸನೆ ಹಿಡಿಯುತ್ತದೆ. ಸ್ಯಾನಿಟೈಸರಿನಿಂದ ದಿನಕ್ಕೆ ಹಲವು ಬಾರಿ ಒರೆಸುವ ಪದ್ಧತಿ ಕೋವಿಡ್ ಕಾಲದಿಂದ ಉಳಿದುಬಂದಿದೆ; ಆಲ್ಕೋಹಾಲ್ ತಾಗಿ ತಾಗಿ ರೆಕ್ಸಿನ್ನಿನ ಮೇಲಿನ ವಿನೈಲ್ ಪ್ಲಾಸ್ಟಿಕ್ ಪದರ ತನ್ನ ಮೃದುತ್ವ ಕಳೆದುಕೊಂಡು ಬಿರುಕು ಬಿಡುತ್ತದೆ. ಬಟ್ಟೆಯ ಮೇಲೆ ಪಾಲಿಯುರೆಥೇನಿನ ತೆಳು ಪದರ ಬಳಿದು ಪಿಯು ಲೆದರ್ ಎಂದು ಮಾರುವ ಹೊದಿಕೆಗೆ ನಮ್ಮ ಕರಾವಳಿಯ ಗಾಳಿಯ ತೇವವೇ ಶತ್ರು. ಅದರ ಮೇಲ್ಪದರ ಹಕ್ಕಳೆಯಂತೆ ಏಳುತ್ತದೆ, ಒಮ್ಮೆ ಎದ್ದ ಮೇಲೆ ದುರಸ್ತಿ ಸಾಧ್ಯವಿಲ್ಲ.

ಮೂರನೆಯದು, ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದ ದಿಂಬಿನ ಆಸನ. ಎರಕ ಹೊಯ್ಯುವಾಗ ಅಚ್ಚಿನ ಗೋಡೆಗೆ ತಾಗುವ ಭಾಗವೇ ಒತ್ತಾಗಿ ಗಟ್ಟಿಗೊಂಡು ಹೊರಚರ್ಮವಾಗುತ್ತದೆ, ಒಳಭಾಗ ಮೃದುವಾಗಿ ಉಳಿಯುತ್ತದೆ. ಹೊಲಿಗೆ ಇಲ್ಲ, ಪ್ರತ್ಯೇಕ ಹೊದಿಕೆ ಇಲ್ಲ, ಆದ್ದರಿಂದ ಕೊಳೆ ಸೇರುವ ಸಂದಿಯೂ ಇಲ್ಲ. ಮುಟ್ಟಿದರೆ ರೆಕ್ಸಿನ್ ಮೆತ್ತೆಗಿಂತ ಗಡುಸು ಎನಿಸಿದರೂ, ವಿಮಾನ ತಡವಾಗಿ ಎರಡು ತಾಸು ಕಾಯಬೇಕಾದಾಗ ಇದೇ ಬೆನ್ನಿಗೆ ಹಿತ. ರೆಕ್ಸಿನ್ ಮಾದರಿಯ ಅಗ್ಗದ ಫೋಮ್ ಅಷ್ಟರಲ್ಲಿ ಕುಸಿದು, ಕೆಳಗಿನ ಹಲಗೆ ತೊಡೆಗೆ ಒತ್ತತೊಡಗುತ್ತದೆ. ನೇರ ಬಿಸಿಲು ಬೀಳುವ ಗಾಜಿನ ಗೋಡೆಯ ಬಳಿ ತಿಳಿಬಣ್ಣದ ದಿಂಬುಗಳು ಹಳದಿಗಟ್ಟಿದವು, ಕಪ್ಪು ದಿಂಬುಗಳಲ್ಲಿ ಅದು ಕಾಣಲಿಲ್ಲ. ಬಣ್ಣದ ಆಯ್ಕೆಯಲ್ಲಿ ವಾಸ್ತುಶಿಲ್ಪಿಗಳ ಜೊತೆ ವಾದ ಮಾಡಬೇಕಾಗಿ ಬಂದರೂ ಕಪ್ಪನ್ನೇ ಕೇಳಬೇಕು.

ನನ್ನ ತೀರ್ಮಾನಕ್ಕೆ ಹೆಚ್ಚು ತೂಕ ಕೊಟ್ಟದ್ದು ಬೇರೆಯ ಕಾರಣ. ಈ ದಿಂಬು ಕೆಟ್ಟರೆ ರಾತ್ರಿ ಪಾಳಿಯ ಒಬ್ಬ ಕೆಲಸಗಾರ ಕೆಳಗಿನಿಂದ ನಾಲ್ಕು ಬೋಲ್ಟು ಬಿಚ್ಚಿ, ಸಾಲನ್ನು ಅಲುಗಿಸದೆ, ಹೊಸದನ್ನು ಕೂರಿಸಬಲ್ಲ. ರೆಕ್ಸಿನ್ ಮಾದರಿಯಲ್ಲಿ ಇಡೀ ಆಸನವನ್ನು ಕಳಚಿ ಹೊರಗಿನ ಹೊಲಿಗೆಯವರಿಗೆ ಕಳುಹಿಸಬೇಕಾಯಿತು. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1962ರಲ್ಲಿ ವಾಷಿಂಗ್ಟನ್ನಿನ ಡಲೆಸ್ ಮತ್ತು ಶಿಕಾಗೋದ ಒಹೇರ್ ವಿಮಾನ ನಿಲ್ದಾಣಗಳಿಗಾಗಿ ರೂಪಿಸಿದ ಆಸನದ ಸಾಲು ದಶಕಗಳ ಕಾಲ ಬಳಕೆಯಲ್ಲಿ ಉಳಿದದ್ದಕ್ಕೂ ಇದೇ ಗುಣ ಕಾರಣವೆಂದು ನಾನು ತಿಳಿದಿದ್ದೇನೆ: ಅಲ್ಯೂಮಿನಿಯಂ ಚೌಕಟ್ಟು, ಹೊಲಿಗೆಯ ಬದಲು ಶಾಖದಿಂದ ಬೆಸೆದ ವಿನೈಲ್ ಹಾಸುಗಳು, ಕೆಟ್ಟ ಹಾಸನ್ನಷ್ಟೇ ಬದಲಿಸುವ ಅವಕಾಶ. ಅದೇ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಿಂದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಕೈತಾಂಗುಗಳ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿತ್ತು. ಪ್ರತಿ ಆಸನಕ್ಕೂ ಕೈತಾಂಗು ಇದ್ದರೆ ಪಕ್ಕದ ಜಾಗವನ್ನು ಚೀಲಗಳು ಆಕ್ರಮಿಸುವುದಿಲ್ಲ. ಮೊಣಕಾಲು ನೋವಿನ ಹಿರಿಯರಿಗೆ ಎದ್ದು ನಿಲ್ಲಲು ಅದು ಆಧಾರ. ಆದರೆ ಕೊಲ್ಲಿ ರಾಷ್ಟ್ರಗಳ ವಿಮಾನಗಳಿಗಾಗಿ ಸರಿರಾತ್ರಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಾಯುವ ತಾಯಂದಿರನ್ನು ಕಂಡವರು, ಎಲ್ಲ ಸಾಲುಗಳಿಗೂ ಕೈತಾಂಗು ಹಾಕಿಸಲು ಒಪ್ಪಲಾರರು. ಕೆಲವು ಸಾಲುಗಳಲ್ಲಿ ಎರಡು ಆಸನಗಳಿಗೊಂದು ಕೈತಾಂಗು ಇಡುವುದು ನನಗೆ ಸರಿ ಎನಿಸಿತು. ಆಸನದ ಎತ್ತರ 45 ಸೆಂ.ಮೀ. ಆಸುಪಾಸಿನಲ್ಲಿರಬೇಕು, ಹಿಂದಕ್ಕೆ ಹೆಚ್ಚು ಇಳಿಜಾರು ಇರಬಾರದು.

ಚಾರ್ಜಿಂಗ್ ಸಾಕೆಟ್‌ಗಳನ್ನು ಆಸನಗಳ ನಡುವೆ ಮೇಲ್ಮುಖವಾಗಿ ಇಟ್ಟ ಕಡೆ ಕಾಫಿ ಇಳಿದು ಕೆಟ್ಟವು, ತೊಲೆಯ ಮುಂಭಾಗದಲ್ಲಿ ಇಟ್ಟವು ಉಳಿದವು.

ಹೀಗೆ ನೋಡಿದ ಮೇಲೆ ನಾನು ಗೇಟುಗಳ ಎದುರಿಗೆ ಪಾಲಿಯುರೆಥೇನ್, ಜನ ಸ್ವಲ್ಪವೇ ಹೊತ್ತು ನಿಲ್ಲುವ ಆಗಮನ ದ್ವಾರದ ಹೊರಗೆ 316 ದರ್ಜೆಯ ಉಕ್ಕು ಎಂದು ಬರೆದುಕೊಟ್ಟೆ. ರೆಕ್ಸಿನ್ ಮೆತ್ತೆಯನ್ನು ಸಿಬ್ಬಂದಿಯ ನಿಗಾ ಸದಾ ಇರುವ ವಿಶ್ರಾಂತಿ ಕೊಠಡಿಗೆ ಮಾತ್ರ ಶಿಫಾರಸು ಮಾಡಿದೆ, ಅದೂ ಹೊದಿಕೆಯನ್ನು ಸ್ಥಳದಲ್ಲೇ ಕಳಚಿ ಬದಲಿಸುವಂತಿದ್ದರೆ. ಖರೀದಿಯ ಷರತ್ತುಗಳಲ್ಲಿ, ಆಸನಗಳ ಜೊತೆಗೇ ಬಿಡಿ ದಿಂಬುಗಳ ದಾಸ್ತಾನನ್ನು ಒದಗಿಸಬೇಕು, ಅದೇ ಅಚ್ಚಿನ ದಿಂಬುಗಳು ಹತ್ತು ವರ್ಷ ದೊರೆಯುವಂತಿರಬೇಕು ಎಂಬುದನ್ನೂ ಸೇರಿಸಿದ್ದೇನೆ.