ಓಡುವಾಗ ತಣ್ಣಗೆ, ನಿಂತಾಗ ಬೆಚ್ಚಗೆ: ನಮ್ಮ ಟಿಟಿ ಮತ್ತು ಅದರ ಫ್ರಿಜ್ಜು

ಇಡೀ ವ್ಯಾನಿನ ಬಗ್ಗೆ ಬರೆಯೋಣ ಅಂತ ಕೂತೆ. ಆದರೆ ಇದು ಫ್ರಿಜ್ಜಿನ ಕಥೆಯೇ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದಲ್ಲಿ ನನ್ನ ತಲೆ ತಿಂದಿದ್ದು, ದುಡ್ಡು ತಿಂದಿದ್ದು, ಎರಡು ಸಲ ಮನೆಯಲ್ಲಿ ಜಗಳ ತಂದಿದ್ದು ಅದೊಂದೇ ಸಾಮಾನು.

ವ್ಯಾನು ಅಂದರೆ ಟೆಂಪೋ ಟ್ರಾವೆಲರ್, ನಮ್ಮ ಬಾಯಲ್ಲಿ ಟಿಟಿ. ಒಳಗಿನ ಸೀಟೆಲ್ಲ ಕಿತ್ತು ಮಂಚ, ಸ್ಟವ್, ಸಿಂಕು, ಒಂದು ಮೊಳದಷ್ಟು ಬಚ್ಚಲು ಕೂರಿಸಿದ್ದು. 2021ರ ನವೆಂಬರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ, 11 ಲಕ್ಷದ 40 ಸಾವಿರಕ್ಕೆ. ಪಿಎಫ್ ದುಡ್ಡು, ಎರಡು ವರ್ಷದ ಮೆಣಸಿನ ದುಡ್ಡು, ಉಳಿದದ್ದು ಭಾವನ ಹತ್ತಿರ ಕೈಸಾಲ. ಆರ್‌ಸಿಯಲ್ಲಿ ಕ್ಯಾಂಪರ್ ವ್ಯಾನ್ ಅಂತಲೇ ಇದೆ, ಅದನ್ನು ನೋಡದೆ ಯಾರೂ ತಗೋಬೇಡಿ. ಮೈಲೇಜು 10ರ ಆಸುಪಾಸು, ಘಾಟಿಯಲ್ಲಿ 8. ಸೋಲಾರ್ ಬಗ್ಗೆ ಕೇಳಬೇಡಿ. ನಾವು ಕೊಡಗಿನವರು, ಮಳೆಯನ್ನು ಇಂಚಿನಲ್ಲಿ ಬರೆದಿಡುವ ಜನ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಪ್ಯಾನೆಲ್ ಮೇಲೆ ಪಾಚಿ ಬೆಳೆಯುತ್ತೆ ಅಷ್ಟೆ.

ಈ ಹುಚ್ಚು ಹಿಡಿದದ್ದು ಅಮೆರಿಕದಲ್ಲಿ. ಮಗಳು ಪೆನ್ಸಿಲ್ವೇನಿಯಾದಲ್ಲಿದ್ದಾಳೆ. 2019ರ ಅಕ್ಟೋಬರಿನಲ್ಲಿ ಅಳಿಯ ಒಂದು ಆರ್‌ವಿ, ಅಂದರೆ ಮಲಗೋ ಮನೆಯಂಥ ಗಾಡಿ, ಬಾಡಿಗೆಗೆ ತಂದು ನಮ್ಮಿಬ್ಬರನ್ನೂ ಹರ್ಷಿ ಅನ್ನೋ ಊರಿಗೆ ಕರೆದುಕೊಂಡು ಹೋದ. ಚಾಕೊಲೇಟ್ ಮಾಡುವ ಊರು, ಅಲ್ಲಿ ಒಂದು ಬೀದಿಯ ದೀಪಗಳೂ ಚಾಕೊಲೇಟ್ ಆಕಾರ. ಅಲ್ಲಿ 1955ರಲ್ಲಿ ಶುರುವಾದ ಹಳೇ ಕಾರುಗಳ ಮೇಳವೊಂದಿದೆ. ಮೇಳ ಅನ್ನೋದಕ್ಕಿಂತ ಜಾತ್ರೆ ಅನ್ನಬೇಕು. ಒಂದು ಕಡೆ ಹೊಳೆಯುವ ಕಾರು, ಇನ್ನೊಂದು ಕಡೆ ತುಕ್ಕು ಹಿಡಿದ ಬಂಪರ್ರು, ಹಾರ್ನು, ಹೆಡ್‌ಲೈಟು ಹರಡಿಕೊಂಡು ಕೂತ ಮಾರಾಟಗಾರರು, ಕಣ್ಣಿಗೆ ಕಾಣುವಷ್ಟು ದೂರ. ಮೈದಾನಗಳಿಗೆ ಚಾಕೊಲೇಟ್ ಫೀಲ್ಡ್, ರೆಡ್ ಫೀಲ್ಡ್ ಅಂತ ಹೆಸರು. ಅವರ ಲೆಕ್ಕದಲ್ಲಿ 25 ವರ್ಷ ತುಂಬಿದರೆ ಗಾಡಿ ಆಂಟಿಕ್. ಹಾಗಾದರೆ ನಮ್ಮನೆ ಶೆಡ್ಡಿನಲ್ಲಿ ಕೋಳಿ ಮೊಟ್ಟೆ ಇಡುವ 1992ರ ಮಾರುತಿ 800 ಕೂಡ ಆಂಟಿಕ್ಕೇ.

ಸಂಜೆ ಆರ್‌ವಿಗಳು ಸಾಲಾಗಿ ಬಂದು ನಿಲ್ಲುತ್ತಿದ್ದವು. ದೊಡ್ಡ ಗಾಡಿಯ ಯಜಮಾನ ನಿಲ್ಲಿಸಿದ ತಕ್ಷಣ ಒಂದು ಬಟನ್ ಒತ್ತುತ್ತಾನೆ, ಅಡಿಯಿಂದ ನಾಲ್ಕು ಜಾಕು ಇಳಿದು ಗಾಡಿಯನ್ನು ಗುಯ್ ಅಂತ ಎತ್ತಿ ಮಟ್ಟ ಮಾಡುತ್ತೆ. ನೆಲವೇ ಕೇರಂ ಬೋರ್ಡಿನ ಹಾಗಿದೆ, ಅದರ ಮೇಲೂ ಇನ್ನೊಮ್ಮೆ ಮಟ್ಟ. ನಾನು ಅಳಿಯನಿಗೆ ಹೇಳಿದ್ದೆ, "ಇದೆಲ್ಲ ದುಡ್ಡಿನ ಕೊಬ್ಬು ಕಣಪ್ಪ, ಮಲಗೋದಕ್ಕೆ ಇಷ್ಟು ನೇರ ಯಾಕೆ ಬೇಕು?" ಆ ಮಾತಿಗೆ ಬಡ್ಡಿ ಕಟ್ಟುತ್ತಾ ಇದ್ದೇನೆ.

ನಮ್ಮದು ಸೋಮವಾರಪೇಟೆ ಕಡೆ, ಆರು ಎಕರೆ ಅರೇಬಿಕಾ. ಈ ಜಿಲ್ಲೆಯಲ್ಲಿ ಮಟ್ಟವಾದ ನೆಲ ಅಂದರೆ ಮೂರೇ: ಗದ್ದೆ, ಹಾಕಿ ಮೈದಾನ, ಕಾಫಿ ಒಣಗಿಸುವ ಕಣ. ಗದ್ದೆಯಲ್ಲಿ ಹೂತುಹೋಗುತ್ತೆ, ಮೈದಾನದಲ್ಲಿ ಹುಡುಗರು ಬಿಡೋದಿಲ್ಲ, ಕಣ ಖಾಲಿ ಇರೋದು ಮಳೆಗಾಲದಲ್ಲಿ. ಅಂದರೆ ಯಾರೂ ಎಲ್ಲಿಗೂ ಹೋಗದ ಕಾಲದಲ್ಲಿ ಮಾತ್ರ ನನ್ನ ಟಿಟಿಗೆ ನೆಟ್ಟಗೆ ನಿಲ್ಲೋ ಯೋಗ. ಉಳಿದಂತೆ ಎಲ್ಲಿ ನಿಲ್ಲಿಸಿದರೂ ವಾಟ. ಮಡಿಕೇರಿ, ತಲಕಾವೇರಿ ದಾರಿ, ಗೆಳೆಯರ ತೋಟದ ಗೇಟು, ಎಲ್ಲ ಕಡೆ ವಾಟ. ರಾತ್ರಿ ನಮ್ಮನೆಯವಳು ಉರುಳಿ ಬಂದು ನನ್ನ ಮೇಲೆ, ನಾನು ಗೋಡೆಗೆ. ಬಚ್ಚಲ ನೀರು ಮೂಲೆಯಲ್ಲಿ ನಿಂತು, ಹೋಗಬೇಕಾದ ತೂತಿನ ಕಡೆ ಹೋಗೋದೇ ಇಲ್ಲ. ದೋಸೆ ಹುಯ್ದರೆ ಹಿಟ್ಟು ಒಂದು ಕಡೆ ಸರಿದು, ಒಂದೇ ಕಾವಲಿಯಲ್ಲಿ ಈ ತುದಿ ಪೇಪರ್ ದೋಸೆ, ಆ ತುದಿ ಸೆಟ್ ದೋಸೆ. ಇದಕ್ಕೆಲ್ಲ ನಕ್ಕು ಸುಮ್ಮನಾದೆವು. ಫ್ರಿಜ್ಜಿಗೆ ನಗೋದಕ್ಕೆ ಆಗಲಿಲ್ಲ.

ಇದು ಗ್ಯಾಸು, ಕರೆಂಟು, ಬ್ಯಾಟರಿ ಮೂರರಲ್ಲೂ ಓಡುವ ಫ್ರಿಜ್ಜು. ಕಂಪ್ರೆಸರ್ ಇಲ್ಲ, ಸದ್ದಿಲ್ಲ. ವ್ಯಾನು ತೋರಿಸುವಾಗ ಮಾರಿದವರು ಇದನ್ನೇ ಹತ್ತು ಸಲ ಹೊಗಳಿದರು. ಮೊದಲ ಪ್ರವಾಸ ಭಾಗಮಂಡಲಕ್ಕೆ. ಮಧ್ಯಾಹ್ನ ಬಾಗಿಲು ತೆಗೆದರೆ ತಣ್ಣಗಿತ್ತು, ಖುಷಿಯಾಯಿತು. ಬೆಳಿಗ್ಗೆ ತೆಗೆದರೆ ಎರಡು ಲೀಟರ್ ಹಾಲು ಒಡೆದು ಮೊಸರೂ ಅಲ್ಲ, ಹಾಲೂ ಅಲ್ಲ. ಜೊತೆಗಿಟ್ಟ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಮಾತ್ರ ಕಾಚಂಪುಳಿ ಅನ್ನೋ ನಮ್ಮ ಕಡೆ ಹುಳಿಯ ದೆಸೆಯಿಂದ ಉಳಿಯಿತು. ಆಮೇಲೆ ಪ್ರತಿ ಸಲವೂ ಇದೇ ಕಥೆ. ಗಾಡಿ ಓಡುವಾಗ ತಣ್ಣಗೆ, ನಿಲ್ಲಿಸಿ ಮಲಗಿ ಎದ್ದರೆ ಬೆಚ್ಚಗೆ. ಅದೇ ಮಳೆಗಾಲದಲ್ಲಿ ಕಣದ ಮೇಲೆ ನಿಲ್ಲಿಸಿ ಮನೆ ಕರೆಂಟು ಕೊಟ್ಟರೆ ಐಸು ಕಟ್ಟುತ್ತಿತ್ತು!

ಸರಿ, ನಾನೇ ಒಂದು ತೀರ್ಮಾನಕ್ಕೆ ಬಂದೆ. ಮನೆ ಕರೆಂಟಲ್ಲಿ ಓಡುತ್ತೆ, ಬೇರೆ ಕಡೆ ಓಡಲ್ಲ, ಅಂದಮೇಲೆ ಇನ್ವರ್ಟರೇ ಕೆಟ್ಟಿರಬೇಕು. 14,000 ಕೊಟ್ಟು ಹೊಸದು ಹಾಕಿಸಿದೆ. ಅದೇ ಹಾಡು. ಗ್ಯಾಸಿನಲ್ಲಿ ಇಟ್ಟು ನೋಡಿದೆ, ಅದೇ ಹಾಡು. ಒಳಗಿನ ಕೆಲಸ ಮಾಡಿಕೊಟ್ಟ ವರ್ಕ್‌ಶಾಪಿಗೆ ಮೂರು ಸಲ ಘಾಟಿ ಇಳಿದು ಹೋದೆ. ಮೂರು ಸಲವೂ ಅವರು ರಾತ್ರಿ ಆನ್ ಮಾಡಿಟ್ಟು ಬೆಳಿಗ್ಗೆ ಐಸ್ ಟ್ರೇ ಕೈಗೆ ಕೊಟ್ಟು, "ಏನೂ ಆಗಿಲ್ಲ ಸಾರ್, ನೋಡಿ" ಅಂದರು. ಸಲಕ್ಕೆ 1,500. ಮೂರನೇ ಸಲ ಹುಡುಗನೊಬ್ಬ ಪಕ್ಕದವನಿಗೆ "ಬಾಗಿಲು ಸರಿಯಾಗಿ ಹಾಕಲ್ಲ ಅನ್ಸುತ್ತೆ ಮುದುಕ" ಅಂದದ್ದು ಕೇಳಿಸಿತು. ನಾನು ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಲಾಕರ್ ಬಾಗಿಲು ಹಾಕಿದವನು! ಬೇಕಿದ್ದರೆ ಇನ್ನೂ ಬೈಯುತ್ತೇನೆ, ಬೇಡ ಬಿಡಿ.

ಅಲ್ಲಿಂದ ಫ್ರಿಜ್ಜಿನಲ್ಲಿ ಈರುಳ್ಳಿ, ಪೇಪರ್ ಪ್ಲೇಟು ಇಡಲು ಶುರು ಮಾಡಿದೆವು. ಈ ವಿಮರ್ಶೆ ಆಗ ಬರೆದಿದ್ದರೆ ಒಂದು ಸ್ಟಾರು ಕೊಟ್ಟು ಮುಗಿಸುತ್ತಿದ್ದೆ.

2024ರ ಫೆಬ್ರವರಿ ಕೊನೆ. ಅರೇಬಿಕಾ ಮುಗಿದಿತ್ತು, ಮೆಣಸು ಕೊಯ್ಯೋದಕ್ಕೆ ಜನ ಸಿಕ್ಕಿರಲಿಲ್ಲ. ಕುಶಾಲನಗರದ ಹತ್ತಿರದ ಮೈದಾನವೊಂದರಲ್ಲಿ ಹಳೇ ಕಾರಿನವರೆಲ್ಲ ಎರಡು ದಿನ ಸೇರುತ್ತಾರೆ ಅಂತ ಭಾವ ಫೋನ್ ಮಾಡಿದರು. ಅವರ ಹತ್ತಿರ 1966ರ ಫಿಯೆಟ್ 1100 ಇದೆ, ಸ್ಟೇರಿಂಗ್ ಪಕ್ಕ ಗೇರು ಇರೋದು. "ನನ್ನ ಕಾರು ಒಳಗೆ, ನಿನ್ನ ಟಿಟಿ ಬೇಲಿ ಪಕ್ಕ, ರಾತ್ರಿ ಅಲ್ಲೇ ಇರೋಣ, ಅಕ್ಕನನ್ನೂ ಕರ್ಕೊಂಡು ಬರ್ತೀನಿ" ಅಂದರು. ಈ ಫಿಯೆಟ್ಟಿನ ಬಗ್ಗೆ ಒಂದು ಮಾತು. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಎ ಅಂತ ಬೇರೆ ನಂಬರ್ ಸಿಗುತ್ತೆ, ಫೀಸು 20,000 ರೂಪಾಯಿ, 10 ವರ್ಷಕ್ಕೆ. ಆದರೆ ಆಮೇಲೆ ಮೇಳಕ್ಕೆ, ರ್‍ಯಾಲಿಗೆ, ಪೆಟ್ರೋಲು, ರಿಪೇರಿಗೆ ಅಂತ ಮಾತ್ರ ರಸ್ತೆಗೆ ತರಬಹುದು, ದಿನಬಳಕೆಗೆ ಇಲ್ಲ. ಭಾವ ಅದೇ ಕಾರಿನಲ್ಲಿ ಸೋಮವಾರದ ಸಂತೆಗೆ ಹೋಗಿ ಒಣಮೀನು ತರುವವರು. ಅವರಿಗೆ ವಿಎ ನಂಬರು ಯಾಕೆ ಬೇಕು, ಅಲ್ವಾ?

ಮೈದಾನಕ್ಕೆ ಹೋದಾಗ ನಾಲ್ಕು ಗಂಟೆ. ನೂರರ ಹತ್ತಿರ ಗಾಡಿ ಇದ್ದವು. ಮೋರಿಸ್ ಮೈನರ್, ಲ್ಯಾಂಡ್‌ಮಾಸ್ಟರ್, ಬಾನೆಟ್ಟನ್ನು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಮಗುಚಿ ನಿಂತ ಸ್ಟ್ಯಾಂಡರ್ಡ್ ಹೆರಾಲ್ಡ್, ಮೈಸೂರಲ್ಲೇ ಹುಟ್ಟಿದ ಜಾವಾ, ಯೆಜ್ಡಿಗಳ ಒಂದು ಸಾಲು. ವಿಲ್ಲೀಸ್ ಜೀಪುಗಳ ಮುಂದೆ ಪೇಟೆಯವರು ನಿಂತು ಫೋಟೋ ತೆಗೀತಿದ್ದರು, ನಮ್ಮ ಕಡೆ ತೋಟಗಳಲ್ಲಿ ಗೊಬ್ಬರ ಹೊರುವ ಜೀಪನ್ನು ಯಾರೂ ತಿರುಗಿ ನೋಡಲ್ಲ. ಬೇಲಿ ಪಕ್ಕ ಟಿಟಿ ನಿಲ್ಲಿಸಿದೆವು. ರಾತ್ರಿ ಅಕ್ಕಿ ರೊಟ್ಟಿ, ಪಂದಿ ಕರಿ, ಭಾವನ ಹಳೇ ಕಥೆ. ಉಳಿದ ಅರ್ಧ ಲೀಟರ್ ಹಾಲನ್ನು ಅಕ್ಕ ಗೊತ್ತಿಲ್ಲದೆ ಫ್ರಿಜ್ಜಲ್ಲಿ ಇಟ್ಟುಬಿಟ್ಟಿದ್ದರು, ಈರುಳ್ಳಿ ಸರಿಸಿ, ಗ್ಯಾಸೂ ಹಚ್ಚಿ. ಆ ರಾತ್ರಿ ನಮ್ಮಲ್ಲಿ ಯಾರೂ ಯಾರ ಮೇಲೂ ಉರುಳಲಿಲ್ಲ. ಆಗಲೂ ನನಗೆ ಹೊಳೆಯಲಿಲ್ಲ ನೋಡಿ.

ಬೆಳಿಗ್ಗೆ ಆರಕ್ಕೆ ಎದ್ದು ಬಾಗಿಲು ತೆಗೆದರೆ ಮಂಜು. ಇಷ್ಟು ಕಾರುಗಳ ಬಾನೆಟ್ಟಿನ ಮೇಲೆ ಇಬ್ಬನಿ ಕೂತು ಎಲ್ಲವೂ ಒಂದೇ ಬಣ್ಣ. ಯಾರೋ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು, ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ನಾನು ನನ್ನ ಕಾಫಿಗೆ ನಿಂತೆ. ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕಂದರೆ ಈ ವ್ಯಾನಿನಲ್ಲಿ ನನಗೆ ಅತಿ ಇಷ್ಟದ ಜಾಗ ಅಂದರೆ ಸ್ಟವ್ ಮುಂದಿನ ಎರಡಡಿ. ನೀರಿಗೆ ಬೆಲ್ಲ ಹಾಕಿ ಕುದಿಸಬೇಕು, ಬೆಲ್ಲ ಕರಗಿದ ಮೇಲೆ ನಮ್ಮದೇ ತೋಟದ, ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿ ಪುಡಿ, ಎರಡು ಚಮಚ ಜಾಸ್ತಿಯೇ ಇರಲಿ. ಒಂದು ಕುದಿ ಬಂದ ತಕ್ಷಣ ಇಳಿಸಿ ಮುಚ್ಚಿ, ಚರಟ ತಳಕ್ಕೆ ಇಳಿಯೋವರೆಗೆ ಕೈ ಕಟ್ಟಿ ನಿಲ್ಲಬೇಕು. ಪಕ್ಕದ ಸ್ಲೈಡಿಂಗ್ ಬಾಗಿಲು ಪೂರ್ತಿ ತೆಗೆದಿಡಬೇಕು, ವಾಸನೆ ಹೊರಗೆ ಹೋಗಲಿ ಅಂತ. ಹೋಯಿತು. ಐದೇ ನಿಮಿಷದಲ್ಲಿ ಬಾಗಿಲ ಮುಂದೆ ಮಫ್ಲರ್ ಸುತ್ತಿದ ನಾಲ್ಕು ಜನ.

ಅದರಲ್ಲಿ ಒಬ್ಬರು ಮೈಸೂರಿನಿಂದ ಬಂದ ಹಿರಿಯ ಮೆಕ್ಯಾನಿಕ್, ಎಲ್ಲರೂ ಸಾಹೇಬರೇ ಅಂತಿದ್ದರು. ಅವರು ಹಾಲಿನ ಕಾಫಿ ಕೇಳಿದರು. ಹಾಲು ಎಲ್ಲಿಂದ ತರೋದು ಅಂತ ನಾನು ಯೋಚಿಸುವಾಗ ಅಕ್ಕ ಫ್ರಿಜ್ಜಿನಿಂದ ಪ್ಯಾಕೆಟ್ ತೆಗೆದು ಕೊಟ್ಟರು. ಕೈ ಜುಮ್ಮೆಂದಿತು. ಗ್ಯಾಸಿನಲ್ಲಿ, ಇಡೀ ರಾತ್ರಿ ನಿಂತ ಗಾಡಿಯಲ್ಲಿ!

ನಾನು ಎರಡೂ ಕಾಲು ವರ್ಷದ ಗೋಳೆಲ್ಲ ಅಲ್ಲೇ ಹೇಳಿಕೊಂಡೆ. ಸಾಹೇಬರು ಕಾಫಿ ಮುಗಿಸೋವರೆಗೂ ಮಾತಾಡಲಿಲ್ಲ. ಆಮೇಲೆ ಲೋಟಕ್ಕೆ ಅಂಚಿನವರೆಗೆ ನೀರು ತುಂಬಿ ಫ್ರಿಜ್ಜಿನ ಮೇಲಿನ ಹಲಗೆಯಲ್ಲಿಟ್ಟರು. ನೀರು ಒಂದು ಕಡೆಯೂ ಚೆಲ್ಲಲಿಲ್ಲ. "ನಿಮ್ಮೂರಲ್ಲಿ ಇದನ್ನ ಇಟ್ಟು ನೋಡಿದೀರಾ ಸಾರ್?" ಅಂದರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಈ ಫ್ರಿಜ್ಜಿನಲ್ಲಿ ಪಂಪೂ ಇಲ್ಲ, ಮೋಟರೂ ಇಲ್ಲ. ಕೊಳವೆಗಳೊಳಗೆ ಅಮೋನಿಯಾ, ನೀರು, ಹೈಡ್ರೋಜನ್ ಮುಚ್ಚಿಟ್ಟಿರುತ್ತೆ. ಕೆಳಗೆ ಕಾಯಿಸಿದರೆ ಅಮೋನಿಯಾ ಆವಿಯಾಗಿ ಮೇಲೇರುತ್ತೆ, ಮೇಲೆ ತಣಿದು ದ್ರವವಾಗಿ ಇಳಿಯುತ್ತೆ, ಹೈಡ್ರೋಜನ್ ಇರುವ ಜಾಗದಲ್ಲಿ ಮತ್ತೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತೆ, ಕೊನೆಗೆ ನೀರಿನಲ್ಲಿ ಕರಗಿ ಕೆಳಕ್ಕೆ ವಾಪಸು. ಇಳಿಯೋ ಕೆಲಸವೆಲ್ಲ ವಾಟದ ಮೇಲೆಯೇ. ಗಾಡಿ ಓರೆಯಾಗಿ ನಿಂತರೆ ದ್ರವ ಯಾವುದೋ ಮೂಲೆಯಲ್ಲಿ ನಿಂತುಬಿಡುತ್ತೆ, ಥೇಟ್ ನಮ್ಮ ಬಚ್ಚಲ ನೀರಿನ ಹಾಗೆ. ಓಡುವಾಗ ಗಾಡಿ ಆ ಕಡೆ ಈ ಕಡೆ ಕುಲುಕುತ್ತಾ ಇರೋದರಿಂದ ಎಲ್ಲೂ ನಿಲ್ಲಲ್ಲ, ಅದಕ್ಕೇ ತಣ್ಣಗಿರುತ್ತೆ. ಕಣದ ಮೇಲೆ ಐಸು ಕಟ್ಟಿದ್ದು ಮನೆ ಕರೆಂಟಿನಿಂದ ಅಲ್ಲ, ಕಣದಿಂದ! ವರ್ಕ್‌ಶಾಪಿನವರ ನೆಲ ಗ್ರಾನೈಟು, ಅವರಿಗೆ ರೋಗ ಕಾಣಿಸುವುದೇ ಇಲ್ಲ.

"ಕಾರ್ಬುರೇಟರ್ ಫ್ಲೋಟೂ ಹಿಂಗೇ ಸಾರ್, ಓರೆ ನಿಲ್ಸಿದ್ರೆ ಪೆಟ್ರೋಲ್ ಉಕ್ಕುತ್ತೆ" ಅಂತ ಸಾಹೇಬರು ಹೆರಾಲ್ಡ್ ಕಡೆ ಕೈ ತೋರಿಸಿದರು. ಹಳೇ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಪೆಟ್ರೋಲು ಟ್ಯಾಂಕಿನಿಂದ ಎಂಜಿನ್ನಿಗೆ ತಾನಾಗಿಯೇ ಇಳಿದು ಬರಬೇಕಿತ್ತಂತೆ. ಕಡಿದಾದ ಏರಿನಲ್ಲಿ ಟ್ಯಾಂಕು ಎಂಜಿನ್ನಿಗಿಂತ ಕೆಳಗಾಗಿ ಪೆಟ್ರೋಲು ನಿಂತುಹೋಗೋದು, ಅದಕ್ಕೆ ಜನ ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತುತ್ತಿದ್ದರಂತೆ. ಭಾವ ಕೂಡಲೇ, "ಹಾಗಾದ್ರೆ ನೀನು ಟಿಟೀನ ಹಿಂದುಮುಂದಾಗಿ ನಿಲ್ಸು" ಅಂದರು. ನನಗೆ ಹರ್ಷಿಯಲ್ಲಿ ಬಟನ್ ಒತ್ತುತ್ತಿದ್ದ ಆ ಯಜಮಾನರ ಮುಖ ಕಣ್ಣ ಮುಂದೆ ಬಂತು.

ಮನೆಗೆ ಬಂದು ಇಂಟರ್ನೆಟ್ಟಿನಲ್ಲಿ ಈ ಫ್ರಿಜ್ಜಿನ ಪುಸ್ತಕ ಹುಡುಕಿದೆ. ಅಡ್ಡಕ್ಕೆ 3 ಡಿಗ್ರಿ, ಉದ್ದಕ್ಕೆ 6 ಡಿಗ್ರಿ, ಅದಕ್ಕಿಂತ ಓರೆಯಾದರೆ ಓಡಿಸಬೇಡಿ ಅಂತ ಬರೆದಿದೆ. ನಮ್ಮ ಗಾಡಿಯ ಅಗಲಕ್ಕೆ 3 ಡಿಗ್ರಿ ಅಂದರೆ ಬರೀ ಮೂರೂವರೆ ನಾಲ್ಕು ಇಂಚು. ಓರೆಯಲ್ಲೇ ತುಂಬಾ ದಿನ ಕಾಯಿಸುತ್ತಿದ್ದರೆ ಫ್ರಿಜ್ಜು ಪೂರ್ತಿ ಹಾಳಾಗಲೂಬಹುದು, ನಂದು ಉಳಿದದ್ದು ಪುಣ್ಯ. ಇಷ್ಟು ಸಣ್ಣ ಮಾತನ್ನು ಕೊಡಗಿನವನಿಗೆ ವ್ಯಾನು ಮಾರುವಾಗ ಒಂದು ಸಲ ಹೇಳಬಾರದಿತ್ತಾ? ಈ ಕೋಪ ಮಾತ್ರ ಇಳಿದಿಲ್ಲ.

ಉಪಾಯ ಅಗ್ಗದ್ದೇ. ತೋಟದಲ್ಲಿ ಬಿದ್ದಿದ್ದ ಸಿಲ್ವರ್ ಓಕನ್ನು ಮಿಲ್ಲಿನಲ್ಲಿ ಒಂದೂಕಾಲು ಇಂಚು ದಪ್ಪಕ್ಕೆ ಹಲಗೆ ಕೊಯ್ಸಿದೆ, ಒಂಬತ್ತು ಹಲಗೆ, ಕೂಲಿ 400. ಅಂಗಡಿಯಲ್ಲಿ ಗಾರೆಯವರ ರಸಮಟ್ಟ ಒಂದು. ಈಗ ಎಲ್ಲೇ ನಿಲ್ಲಿಸಲಿ, ನಮ್ಮನೆಯವಳು ಒಳಗೆ ಫ್ರಿಜ್ಜಿನ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನೋಡುತ್ತಾ "ಎಡಗಡೆ ಇನ್ನೊಂದು ಹಾಕಿ ರೀ" ಅಂತ ಕೂಗುತ್ತಾಳೆ, ನಾನು ಹಲಗೆ ಜೋಡಿಸಿ, ಚಕ್ರ ಹತ್ತಿಸಿ, ಇನ್ನೊಂದು ಚಕ್ರಕ್ಕೆ ಕಲ್ಲು ಕೊಟ್ಟು ಬರುತ್ತೇನೆ. ಹತ್ತು ನಿಮಿಷದ ಕೆಲಸ. ದೋಸೆ ಗುಂಡಗೆ ಬರುತ್ತೆ. ಮಳೆಗೆ ಹಲಗೆಗಳಿಗೆ ಬೂಷ್ಟು ಹಿಡಿದು ಜಾರುತ್ತವೆ, ಎರಡು ಆಗಲೇ ಸೀಳಿವೆ. ಹಲಸಿನ ಮರದ್ದು ಮಾಡಿಸಬೇಕಿತ್ತು. ಅಂದ ಹಾಗೆ ಹಲಸಿನ ಹಣ್ಣನ್ನು ಮಾತ್ರ ರಾತ್ರಿ ವ್ಯಾನಿನಲ್ಲಿ ಇಟ್ಟುಕೊಳ್ಳಬೇಡಿ, ಸಿದ್ದಾಪುರ ಕಡೆಯಂತೂ ಬೇಡವೇ ಬೇಡ. ಆನೆಗೆ ಸ್ಲೈಡಿಂಗ್ ಬಾಗಿಲು ಗೊತ್ತಿಲ್ಲ.

ಇಂಥ ಫ್ರಿಜ್ಜು ತಗೊಳ್ಳಬಹುದಾ ಅಂದರೆ, ನೀವು ಮಂಡ್ಯದವರೋ ರಾಯಚೂರಿನವರೋ ಆದರೆ ಕಣ್ಣು ಮುಚ್ಚಿ ತಗೊಳ್ಳಿ. ನಮ್ಮ ಕಡೆಯವರು ಕಂಪ್ರೆಸರ್ ಇರುವ 12 ವೋಲ್ಟಿನ ಡಬ್ಬ ಫ್ರಿಜ್ಜು ಹಾಕಿಸಿಕೊಳ್ಳಿ, ಅದು ಸ್ವಲ್ಪ ಓರೆಯಾದರೂ ಗೊಣಗಲ್ಲ. ನಾನು ಬದಲಾಯಿಸುತ್ತಿಲ್ಲ. ಒಂದು, ದುಡ್ಡಿಲ್ಲ, ಭಾವನ ಸಾಲ ಇನ್ನೂ ಇದೆ. ಇನ್ನೊಂದು, ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಆ ವ್ಯಾನಿನಲ್ಲಿ ಒಂದು ಸದ್ದೂ ಇರೋದಿಲ್ಲ, ಜೀರುಂಡೆ ಬಿಟ್ಟರೆ. ಮಾರಿದವರು ಹೊಗಳಿದ್ದರಲ್ಲಿ ಅದೊಂದು ನಿಜ. ಮೂರೂವರೆ ಸ್ಟಾರು ಇಟ್ಟುಕೊಳ್ಳಿ.

ಈಗ ಡಿಸೆಂಬರು, ಕಣದ ತುಂಬಾ ಹಣ್ಣು ಕಾಫಿ. ಟಿಟಿ ಶೆಡ್ಡಿನ ಹಿಂದಿನ ಇಳಿಜಾರಿನಲ್ಲಿ ಬಾಲ ಎತ್ತಿಕೊಂಡು ನಿಂತಿದೆ. ಫ್ರಿಜ್ಜು ಆಫ್ ಮಾಡಿ, ಬೂಷ್ಟು ಹಿಡಿಯದಿರಲಿ ಅಂತ ಬಾಗಿಲ ಸಂದಿಗೆ ಒಂದು ಕಾಫಿ ಕಡ್ಡಿ ಸಿಕ್ಕಿಸಿಟ್ಟಿದ್ದೇನೆ. ಸಾಹೇಬರು ಮೊನ್ನೆ ಫೋನ್ ಮಾಡಿ ಈ ಸಲ ಮೇಳಕ್ಕೆ ಒಂದು ಲ್ಯಾಂಡ್‌ಮಾಸ್ಟರ್ ತರ್ತಾರಂತೆ, ಹಾಲು ಇಟ್ಟಿರಿ ಅಂದರು.