ಸೈಟಿನ ಓಡಾಟ, ಊಟದ ಖರ್ಚು: ಬಿಲ್ ಕೂಡಿಡೋದಾ, ಅರ್ಧಕ್ಕರ್ಧ ಬರೆಯೋದಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿಗೆ. ವರ್ಷಕ್ಕೆ ಬಂದ ಫೀಸಿನಲ್ಲಿ ಅರ್ಧ ಆದಾಯ, ಉಳಿದರ್ಧ ಖರ್ಚು ಎಂದು ಬರೆದು ಸುಮ್ಮನಾಗುವ ದಾರಿ ಅದು. ಇದು ತಲೆಗೆ ಹೋಗುವ ಮೊದಲು ಒಂದು ವರ್ಷ ಪೂರ್ತಿ ಬಿಲ್ ಕೂಡಿಟ್ಟೆ. ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಒಬ್ಬ ಹುಡುಗನಿಗೆ ತಿಂಗಳಿಗೆ 1,500ರಂತೆ 18,000 ರೂಪಾಯಿ ಕೊಟ್ಟೆ. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯವನು, ಸ್ಟ್ರಕ್ಚರಲ್ ಇಂಜಿನಿಯರ್. ಸಂಬಳದ ಕೆಲಸ ಬಿಟ್ಟು ಸ್ವಂತಕ್ಕೆ ನಿಂತಿದ್ದೇನೆ. ತಿಂಗಳಿಗೆ ಹತ್ತು ಹನ್ನೆರಡು ದಿನ ಹುಬ್ಬಳ್ಳಿ, ಶಿವಮೊಗ್ಗ, ಬೆಂಗಳೂರು ಅಂತ ತಿರುಗಾಟ. ಸ್ಲ್ಯಾಬಿಗೆ ಕಟ್ಟಿದ ಕಂಬಿ ನೋಡಿ, ತಪ್ಪಿದ್ದರೆ ಬಿಚ್ಚಿಸಿ, ಸರಿಯಿದ್ದರೆ ಕಾಂಕ್ರೀಟ್ ಹಾಕಿ ಅಂತ ಹೇಳಿ ಬರುವುದು. ಹಾಗಾಗಿ ಬಸ್ಸು, ಆಟೋ, ಊಟ, ಲಾಡ್ಜು ಇವೇ ನನ್ನ ದೊಡ್ಡ ಖರ್ಚು.

ಈ ಖರ್ಚಿಗೆ ಮೂರು ದಾರಿ ನೋಡಿದ್ದೇನೆ. ಒಂದು, ಕೆಲಸ ಕೊಟ್ಟವರಿಂದಲೇ ಬಿಲ್ ತೋರಿಸಿ ವಾಪಸ್ ಪಡೆಯುವುದು. ಎರಡು, ನಿಜವಾದ ಖರ್ಚನ್ನು ಲೆಕ್ಕದಲ್ಲಿ ಬರೆದು ಆದಾಯದಿಂದ ಕಳೆಯುವುದು. ಮೂರು, ನಾನು ಈಗ ಮಾಡುತ್ತಿರುವ ಅರ್ಧಕ್ಕರ್ಧ.

ಮೊದಲ ಎರಡಕ್ಕೂ ಒಂದೇ ರೋಗ. ಕಾಗದ.

ಬಸ್ಸಿನಲ್ಲಿ ಕಂಡಕ್ಟರ್ ಮೆಷಿನ್ನಿಂದ ಹರಿದು ಕೊಡುವ ಟಿಕೆಟ್ ನೋಡಿದ್ದೀರಲ್ವಾ? ಅದರಲ್ಲಿರುವುದು ಶಾಯಿಯಲ್ಲ, ಬಿಸಿಗೆ ಕಪ್ಪಾಗುವ ಕಾಗದ. ಅಂಗಿ ಜೇಬಿನಲ್ಲಿ ಬೆವರು ತಾಗಿದರೆ ಸಂಜೆಗೇ ಅರ್ಧ ಮಾಸಿರುತ್ತದೆ. ನಾನು ಎಲ್ಲವನ್ನೂ ಒಂದು ಮೈಸೂರು ಪಾಕಿನ ಡಬ್ಬಿಗೆ ಹಾಕುತ್ತಾ ಹೋದೆ. ಮಾರ್ಚ್ ಕೊನೆಗೆ ತೆಗೆದು ಮೇಜಿನ ಮೇಲೆ ಸುರಿದರೆ ಮುಕ್ಕಾಲು ಪಾಲು ಬರೀ ಬಿಳಿ ಚೀಟಿ. ದೀಪದ ಕೆಳಗೆ ಹಿಡಿದು, ಓರೆ ಮಾಡಿ, ಹೆಂಡತಿಯ ಕೈಗೆ ಕೊಟ್ಟು ಓದಿಸಿದೆ. 'ದಾ' ಅಂತ ಒಂದು ಅಕ್ಷರ ಕಂಡಿತು. ಅದು ದಾವಣಗೆರೆಯೋ ಧಾರವಾಡವೋ ಅಂತ ಇಬ್ಬರೂ ವಾದ ಮಾಡಿದೆವು. ಡಬ್ಬಿಯ ತುಪ್ಪದ ಜಿಡ್ಡೂ ತನ್ನ ಕೆಲಸ ಮಾಡಿತ್ತು, ಅದು ಬೇರೆ ಮಾತು.

ರೈಲಿನ ಟಿಕೆಟ್ ಮೊಬೈಲಿನಲ್ಲೇ ಇರುತ್ತದೆ, ಆ ತಲೆನೋವಿಲ್ಲ. ಆಟೋದವರು ರಸೀದಿ ಕೊಡುವುದಿಲ್ಲ. ಫೋನ್‌ಪೇ ಮಾಡಿದರೆ ಒಂದು ಹೆಸರು, ಒಂದು ಮೊತ್ತ ಉಳಿಯುತ್ತದೆ. ಅದು ಆಟೋಗೆ ಕೊಟ್ಟಿದ್ದೋ, ಯಾರಿಗೋ ಸಾಲ ತೀರಿಸಿದ್ದೋ ಅಂತ ಅದರಲ್ಲಿ ಬರೆದಿರುವುದಿಲ್ಲ.

ಊಟದ್ದು ಇನ್ನೊಂದು ಕಥೆ. ಹುಬ್ಬಳ್ಳಿಯಲ್ಲಿ ನಾನು ಹೋಗುವುದು ಸೈಟಿನ ಹತ್ತಿರದ ಒಂದು ಖಾನಾವಳಿಗೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಬಿಲ್ ಕೊಡಿ ಅಂದರೆ ಅಲ್ಲಿನ ಅಕ್ಕ ನಕ್ಕುಬಿಟ್ಟರು. "ಬಿಲ್ ಯಾಕ್ರೀ ಅಣ್ಣಾರ, ಊಟ ಮಾಡೀರಿ, ರೊಕ್ಕ ಕೊಟ್ಟೀರಿ, ಮುಗೀತಲ್ಲ." ಒತ್ತಾಯ ಮಾಡಿದ ಮೇಲೆ ಗೋಡೆಯ ಕ್ಯಾಲೆಂಡರಿನಿಂದ ಹೋದ ತಿಂಗಳ ಹಾಳೆ ಹರಿದು, ಹಿಂದೆ 'ಊಟ 2, ಜಾಸ್ತಿ ರೊಟ್ಟಿ 3' ಎಂದು ಬರೆದು ಕೊಟ್ಟರು. ತಾರೀಕು ಇಲ್ಲ, ಖಾನಾವಳಿಯ ಹೆಸರೂ ಇಲ್ಲ. ಆದರೆ ಹಾಳೆ ತಿರುಗಿಸಿದರೆ ಲಕ್ಷ್ಮಿಯ ಚಿತ್ರ.

ಆ ಹಾಳೆಯನ್ನು ಕೆಲಸ ಕೊಟ್ಟಿದ್ದ ಕಂಪನಿಗೆ ಕಳಿಸಿದೆ. ಅಕೌಂಟ್ಸ್‌ನವರು ಫೋನ್ ಮಾಡಿ, "ಸರ್, ಇದರಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ಪಾಸ್ ಆಗಲ್ಲ" ಅಂದರು. ಖಾನಾವಳಿಗೆಲ್ಲಿಯ ಜಿಎಸ್‌ಟಿ ಮೇಡಂ ಅಂದರೆ, ದೊಡ್ಡ ಹೋಟೆಲಿನಲ್ಲಿ ಊಟ ಮಾಡಿ ಅಂತ ಸಲಹೆ ಬಂತು. 160 ರೂಪಾಯಿಯ ಊಟ ಬೇಡ, 450ರ ಊಟಕ್ಕೆ ದುಡ್ಡು ಕೊಡುತ್ತೇವೆ ಅನ್ನುವ ಲೆಕ್ಕ. ಉಳಿದ ಬಿಲ್ಲುಗಳ ದುಡ್ಡು ಬಂದಿದ್ದು ಎರಡು ತಿಂಗಳ ಮೇಲೆ.

ಬಂದಾಗಲೂ ಪೂರ್ತಿ ಬರಲಿಲ್ಲ. ಫೀಸಿನ ಇನ್‌ವಾಯ್ಸಿನಲ್ಲೇ ಬಸ್ ಚಾರ್ಜನ್ನೂ ಸೇರಿಸಿದ್ದೆ, ಇಡೀ ಮೊತ್ತಕ್ಕೆ 10 ಪರ್ಸೆಂಟ್ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದರು. ಜಗಳಕ್ಕೆ ಹೋದೆ. ನನ್ನದೇ ತಪ್ಪು. ಬಿಲ್ಲಿನ ಮೊತ್ತದಿಂದ ಇಂಥ ಖರ್ಚನ್ನು ಕಳೆದು ಟಿಡಿಎಸ್ ಹಿಡಿಯುವ ಹಾಗಿಲ್ಲ ಎಂದು 1995ರ ಸುತ್ತೋಲೆಯಲ್ಲೇ ಹೇಳಿದೆಯಂತೆ. ಖರ್ಚಿಗೆ ಬೇರೆಯೇ ಚೀಟಿ ಮಾಡಿ, ಅಸಲಿ ಬಿಲ್ ಲಗತ್ತಿಸಿ ಕಳಿಸಬೇಕಿತ್ತು.

ಇನ್ನು ಎರಡನೇ ದಾರಿ. ಡಬ್ಬಿ ಹಿಡಿದುಕೊಂಡು ಆಡಿಟರ್ ಹತ್ತಿರ ಹೋದೆ. ಹಿರಿಯರು, ನಿಧಾನದ ಮನುಷ್ಯ. ದಾವಣಗೆರೆಯಲ್ಲೇ ತಿಂದ ಬೆಣ್ಣೆ ದೋಸೆಯ ಬಿಲ್ಲುಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟರು. ಆಫೀಸ್ ದಿನದ ತಿಂಡಿ ಸರ್ ಅಂದೆ. "ಕೆಲಸ ಇಲ್ಲದ ದಿನ ನೀವು ತಿಂಡಿ ತಿನ್ನಲ್ವಾ?" ಅಂದರು. ಕಾಯ್ದೆಯ 37ನೇ ಕಲಮು ಕೇಳುವುದು ಇಷ್ಟೇ: ಖರ್ಚು ಪೂರ್ತಿಯಾಗಿ ವೃತ್ತಿಗೇ ಆಗಿರಬೇಕು, ಸ್ವಂತದ್ದಾಗಿರಬಾರದು. ಪರ ಊರಿನ ಸೈಟಿಗೆ ಹೋದಾಗಿನ ಊಟ ಸರಿ, ಮನೆ ಪಕ್ಕದ ದೋಸೆ ನನ್ನ ಹೊಟ್ಟೆಗೆ.

ಆಮೇಲೆ ಅವರು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದು 2023-24ರ ವರ್ಷ. ನನಗೆ ಬಂದ ಫೀಸು 13.2 ಲಕ್ಷ. ಉಜ್ಜಿ ಉಜ್ಜಿ ಓದಿದ ಬಿಲ್ಲು, ಲ್ಯಾಪ್‌ಟಾಪು, ಸಾಫ್ಟ್‌ವೇರು, ಆ ಹುಡುಗನ 18,000, ಎಲ್ಲ ಸೇರಿ ಖರ್ಚು 4.1 ಲಕ್ಷ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ತೆರಿಗೆ ಹತ್ತಿರ ಹತ್ತಿರ 50 ಸಾವಿರ. ಅದೇ 44ಎಡಿಎಯಲ್ಲಿ ಆದಾಯ ಕನಿಷ್ಠ ಅರ್ಧ ತೋರಿಸಿದರೆ ಸಾಕು, 6.6 ಲಕ್ಷ. ಬ್ಯಾಂಕಿನ ಬಡ್ಡಿ ಸೇರಿಸಿದರೂ 7 ಲಕ್ಷ ದಾಟಲಿಲ್ಲ. ಆ ವರ್ಷ ಆದಾಯ 7 ಲಕ್ಷದವರೆಗಿದ್ದರೆ ರಿಬೇಟ್, ಅಂದರೆ ತೆರಿಗೆ ಮಾಫಿ, ಇತ್ತು. ತೆರಿಗೆ ಸೊನ್ನೆ. ಕಂಪನಿಗಳು ಹಿಡಿದಿದ್ದ ಟಿಡಿಎಸ್ ಅಷ್ಟೂ ವಾಪಸ್ ಬಂತು, ಒಂದು ಚೀಟಿಯನ್ನೂ ಯಾರೂ ಕೇಳಲಿಲ್ಲ.

"ಮತ್ತೆ ಈ ಡಬ್ಬಿ?" ಅಂದೆ. "ತೊಳೆದು ಅಡುಗೆ ಮನೆಗೆ ಕೊಡಿ" ಅಂದರು.

ಅರ್ಧಕ್ಕರ್ಧದಲ್ಲಿ ಕೊರತೆಯೇ ಇಲ್ಲ ಅಂತಲ್ಲ. ಅದರ ಮೇಲೆ ಮತ್ತೆ ಬಸ್ ಚಾರ್ಜು, ಸವಕಳಿ ಅಂತ ಏನೂ ಕಳೆಯಲಾಗದು. ಎಲ್ಲ ವೃತ್ತಿಗೂ ಇದು ಸಿಗುವುದಿಲ್ಲ. ವೈದ್ಯರು, ವಕೀಲರು, ಇಂಜಿನಿಯರ್, ಆರ್ಕಿಟೆಕ್ಟ್, ತಾಂತ್ರಿಕ ಸಲಹೆಗಾರರು, ಇಂಟೀರಿಯರ್ ಮಾಡುವವರು, ಹೀಗೆ ಒಂದು ಪಟ್ಟಿ ಇದೆ. ಅಡ್ವಾನ್ಸ್ ಟ್ಯಾಕ್ಸ್ (ವರ್ಷ ಮುಗಿಯುವ ಮೊದಲೇ ಕಟ್ಟುವ ತೆರಿಗೆ) ಕಟ್ಟಬೇಕಾದರೆ ಮಾರ್ಚ್ 15ಕ್ಕೆ ಒಂದೇ ಕಂತು, ಅದೊಂದು ಅನುಕೂಲ.

ನನ್ನ ಗೆಳೆಯನೊಬ್ಬ ಸರ್ವೆ ಕೆಲಸದವನು. ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರ, ಒಂದು ಜೀಪು, ಇಬ್ಬರು ಹುಡುಗರ ಸಂಬಳ. ಅವನ ಖರ್ಚು ಅರ್ಧಕ್ಕಿಂತ ಎಷ್ಟೋ ಜಾಸ್ತಿ. ಅವನು ನನ್ನ ದಾರಿ ಹಿಡಿದರೆ ಬಾರದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ. ಅವನಿಗೆ ನಿಜ ಖರ್ಚೇ ಸರಿ. ಆದರೆ ಲಾಭ ಅರ್ಧಕ್ಕಿಂತ ಕಮ್ಮಿ ತೋರಿಸಿ, ಒಟ್ಟು ಆದಾಯವೂ ತೆರಿಗೆ ಬೀಳದ ಮಿತಿಯನ್ನು ದಾಟಿದರೆ ಲೆಕ್ಕದ ಪುಸ್ತಕದ ಜೊತೆ ಆಡಿಟ್ಟೂ ಕಡ್ಡಾಯ. ಅವನು ಟಿಕೆಟ್ ಕೈಗೆ ಬಂದ ತಕ್ಷಣ ಫೋಟೋ ತೆಗೆಯುವ ಶಿಸ್ತಿನ ಮನುಷ್ಯ. ನಾನಲ್ಲ.

(ಇದೆಲ್ಲ 1961ರ ಕಾಯ್ದೆಯ ಲೆಕ್ಕ. 2026ರ ಏಪ್ರಿಲ್‌ನಿಂದ 2025ರ ಹೊಸ ಕಾಯ್ದೆ ಬಂದು ಕಲಮುಗಳ ನಂಬರ್ ಬದಲಾಗಿದೆ. ಹೊಸ ಪದ್ಧತಿಯ ರಿಬೇಟ್ ಮಿತಿಯೂ 2025-26ರಿಂದಲೇ 12 ಲಕ್ಷಕ್ಕೆ ಏರಿದೆ. ನಿಮ್ಮ ವರ್ಷದ್ದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿಕೊಳ್ಳಿ.)

ಈಗ ನಾನು ಸೈಟ್ ವಿಸಿಟ್ಟಿಗೆ ಒಂದೇ ರೇಟು ಹೇಳುತ್ತೇನೆ. ಹುಬ್ಬಳ್ಳಿಗೆ ಒಂದು ದಿನ 6,500, ಬಸ್ಸು ಊಟ ಎಲ್ಲ ಅದರಲ್ಲೇ. ಖಾನಾವಳಿಯಲ್ಲಿ ಉಂಡರೂ ನನ್ನದೇ, ದೊಡ್ಡ ಹೋಟೆಲಿನಲ್ಲಿ ಉಂಡರೂ ನನ್ನದೇ. ಮೊದಲು ಇಬ್ಬರು ಗೊಣಗಿದರು, ಆಮೇಲೆ ಅವರಿಗೂ ಬಿಲ್ ನೋಡುವ ಕೆಲಸ ತಪ್ಪಿತು ಅಂತ ಸುಮ್ಮನಾದರು. ಆ ಹಳೇ ಕಂಪನಿ ಮಾತ್ರ ಕೇಳಲಿಲ್ಲ, ಬಿಲ್ಲೇ ಬೇಕಂತೆ. ಅವರಿಗೆ ಬಸ್ ಹತ್ತಿದ ಕೂಡಲೇ ಟಿಕೆಟಿನ ಫೋಟೋ ಕಳಿಸಿಬಿಡುತ್ತೇನೆ. ಊಟದ ದುಡ್ಡು ಕೇಳುವುದನ್ನೇ ಬಿಟ್ಟಿದ್ದೇನೆ.